ಕೋಚ್ ಎನ್‌ಎಫ್‌ಎಲ್‌ಗೆ, ಕೇಸು ಕಾಲೇಜಿಗೆ: ಹಾರ್ಬಾ ಓಡಿಹೋದರಾ?

ಆನ್‌ಆರ್ಬರ್‌ಚಳಿ

ನಮ್ಮ ಮಿಶಿಗನ್ ಯೂನಿವರ್ಸಿಟಿ ಫುಟ್‌ಬಾಲ್ ತಂಡ ಎದುರಾಳಿಗಳ ಕೈಸನ್ನೆ ಕದ್ದ ಕೇಸಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಘ) ಕೊಟ್ಟ 2025ರ ಆಗಸ್ಟ್ 15ರ ತೀರ್ಪು ಎಲ್ಲರೂ ಓದಿರ್ತೀರಿ. ಮಿಶಿಗನ್‌ಗೆ 50,000 ಡಾಲರ್ ದಂಡ, ಅದರ ಮೇಲೆ ಫುಟ್‌ಬಾಲ್ ಬಜೆಟ್‌ನ ಶೇ. 10, ಅದರ ಮೇಲೆ 2025 ಮತ್ತು 2026ರ ಪೋಸ್ಟ್‌ಸೀಸನ್‌ನಿಂದ (ಸೀಸನ್ ಮುಗಿದ ಮೇಲಿನ ದೊಡ್ಡ ಪಂದ್ಯಗಳಿಂದ) ಬರಬೇಕಿದ್ದ ದುಡ್ಡಿನಷ್ಟು. ಎಲ್ಲ ಸೇರಿ 2 ಕೋಟಿ ಡಾಲರ್ ದಾಟುತ್ತೆ ಅಂತ ಅಂದಾಜು. ಯೂನಿವರ್ಸಿಟಿ ಮೇಲ್ಮನವಿ ಹಾಕ್ತೀವಿ ಅಂದಿತ್ತು.

ಆಗ ನಮ್ಮ ಕೋಚ್ ಆಗಿದ್ದ ಜಿಮ್ ಹಾರ್ಬಾಗೆ ಹತ್ತು ವರ್ಷದ ಶೋ-ಕಾಸ್ ಶಿಕ್ಷೆ. ಅದೂ ಈಗಿಂದಲ್ಲ. ಹಿಂದಿನ ಕೇಸಿನ ನಾಲ್ಕು ವರ್ಷ ಮುಗಿದ ಮೇಲೆ, 2028ರ ಆಗಸ್ಟ್‌ನಿಂದ 2038ರ ಆಗಸ್ಟ್‌ವರೆಗೆ. ಅಷ್ಟೊತ್ತಿಗೆ ಅವರಿಗೆ 74. ಸದ್ಯ ಅವರು ಲಾಸ್ ಏಂಜಲೀಸ್‌ನಲ್ಲಿ ಚಾರ್ಜರ್ಸ್ ಕೋಚ್, ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ತಂಡ ಅದು. 5-12ರಲ್ಲಿ (5 ಗೆಲುವು, 12 ಸೋಲು) ಬಿದ್ದಿದ್ದ ತಂಡವನ್ನ ಮೊದಲ ವರ್ಷವೇ 11-6ಕ್ಕೆ ತಂದರು. ಈ ತೀರ್ಪಿನಿಂದ ಅವರ ಸೋಮವಾರದ ಮೀಟಿಂಗ್ ಐದು ನಿಮಿಷವೂ ತಡ ಆಗಲ್ಲ.

ನಾನು ಇಲ್ಲಿ ಮಾಸ್ಟರ್ಸ್‌ಗೆ ಬಂದವನು, ಇಲ್ಲೇ ಉಳಿದುಬಿಟ್ಟೆ. 2023ರ ನವೆಂಬರ್ 11, ಪೆನ್ ಸ್ಟೇಟ್ ಪಂದ್ಯದ ದಿನ ನೆನಪಿದೆ. ಹಿಂದಿನ ದಿನವಷ್ಟೇ ನಮ್ಮ ಕಾಲೇಜು ಆಡೋ ಲೀಗ್ ಬಿಗ್ ಟೆನ್, ಹಾರ್ಬಾರನ್ನ ಮೂರು ಪಂದ್ಯಕ್ಕೆ ಸಸ್ಪೆಂಡ್ ಮಾಡಿತ್ತು. ಸ್ನೇಹಿತನ ಬೇಸ್‌ಮೆಂಟಲ್ಲಿ ಎಂಟು ಜನ ಕೂತಿದ್ವಿ, ಅದರಲ್ಲಿ ಐದು ಜನ ‘ಮಿಶಿಗನ್ ವರ್ಸಸ್ ಎವ್ರಿಬಡಿ’ ಟೀ-ಶರ್ಟ್. ಸೆಕೆಂಡ್ ಹಾಫಲ್ಲಿ ನಮ್ಮವರು ಪಾಸ್ ಅನ್ನೋದನ್ನೇ ಮರೆತರು, ಒಂದಾದ ಮೇಲೊಂದು 32 ರನ್ನಿಂಗ್ ಪ್ಲೇ. ಗೆದ್ದ ಮೇಲೆ, ಅವತ್ತು ಹಾರ್ಬಾ ಜಾಗದಲ್ಲಿ ಕೋಚ್ ಆಗಿದ್ದ ಶೆರೋನ್ ಮೂರ್ ಕ್ಯಾಮೆರಾ ಮುಂದೆ ಬಿಕ್ಕಿ ಬಿಕ್ಕಿ ಅತ್ತರು, ಈ ಗೆಲುವು ಕೋಚ್ ಹಾರ್ಬಾಗೆ ಅಂದರು. ನಾವೂ ಗಂಟಲು ಬಿಗಿ ಹಿಡ್ಕೊಂಡು ಚಿಪ್ಸ್ ತಿಂದ್ವಿ. ಎರಡೂವರೆ ತಿಂಗಳಿಗೆ, ಜನವರಿ 24ಕ್ಕೆ, ಆ ಕೋಚ್ ಹೊರಟೇಹೋದರು. ಅತ್ತ ಮೂರ್ ಮೇಲೆ ಈಗ ಎರಡು ವರ್ಷದ ಶೋ-ಕಾಸ್.

ಓಡಿಹೋದರು ಅನ್ನಬೇಕಾ, ಬಡ್ತಿ ಸಿಕ್ತು ಅನ್ನಬೇಕಾ? ಅಭಿಮಾನ ಪಕ್ಕಕ್ಕಿಟ್ಟು ಮಾತಾಡೋಣ ಅಂತ ಕೇಳ್ತಿದೀನಿ. ನನಗೆ ಅದು ಆಗ್ತಿಲ್ಲ.

ಒಂಟಿಕೊಪ್ಪಲ್_ಹುಡುಗ

ಗುರುಗಳೇ, ನಾನು ಮೈಸೂರಲ್ಲಿ ಕೂತು ಯೂಟ್ಯೂಬ್‌ನಲ್ಲಿ ಹೈಲೈಟ್ಸ್ ನೋಡೋ ಗಿರಾಕಿ. ಒಂದು ಅರ್ಥ ಆಗ್ಲಿಲ್ಲ. ಮುಂದಿನ ಆಟ ಏನು ಅಂತ ಹೇಳೋಕೆ ಎದುರಾಳಿ ಕೋಚ್‌ಗಳು ಮಾಡೋ ಕೈಸನ್ನೆ ನೋಡಿ ಅರ್ಥ ಮಾಡ್ಕೊಳ್ಳೋದು ತಪ್ಪಾ? ನೋಡ್ಲಿ ಅಂತಾನೇ ತಾನೆ ಮೈದಾನದ ಪಕ್ಕ ನಿಂತು ಮಾಡ್ತಾರೆ?

ಆನ್‌ಆರ್ಬರ್‌ಚಳಿ

ತಪ್ಪಲ್ಲ. ಎಲ್ಲರೂ ಮಾಡೋದೇ. ಪಂದ್ಯ ನಡೀವಾಗ ನೋಡಿ ಬಿಡಿಸಬಹುದು, ಟಿವಿ ಪ್ರಸಾರ ನೋಡಿ ಬಿಡಿಸಬಹುದು. ಆದರೆ ಮುಂದೆ ಎದುರಾಗೋ ತಂಡ ಬೇರೆ ಯಾರ ಜೊತೆಗೋ ಆಡುವಾಗ ನಿಮ್ಮವರನ್ನ ಆ ಸ್ಟೇಡಿಯಂಗೆ ಕಳಿಸಿ ನೋಡಿಸೋ ಹಾಗಿಲ್ಲ. 1994ರಿಂದ ನಿಷೇಧ ಇದೆ, ದುಡ್ಡಿರೋ ಕಾಲೇಜಿಗೂ ಇಲ್ಲದ್ದಕ್ಕೂ ಅಂತರ ಹೆಚ್ಚಬಾರದು ಅಂತ.

ಕಾನರ್ ಸ್ಟಾಲಿಯನ್ಸ್ ಅನ್ನೋ ಕೆಳಹಂತದ ಸಿಬ್ಬಂದಿ ಮಾಡಿದ್ದು ಅದನ್ನೇ. ಬಿಗ್ ಟೆನ್‌ನ ಬಹುತೇಕ ಸ್ಟೇಡಿಯಂಗಳಿಗೆ ತನ್ನದೇ ಹೆಸರಲ್ಲಿ ಟಿಕೆಟ್ ತಗೊಂಡು (ಹೌದು, ತನ್ನದೇ ಹೆಸರಲ್ಲಿ!) ಪರಿಚಯದವರಿಗೆ ಹಂಚ್ತಿದ್ದ. ಅವರು ಹೋಗಿ ಎದುರಾಳಿ ಸೈಡ್‌ಲೈನನ್ನ ಫೋನಲ್ಲಿ ಶೂಟ್ ಮಾಡ್ಕೊಂಡು ಬರೋರು. 2023ರ ಸೆಪ್ಟೆಂಬರ್ 1ರ ರಾತ್ರಿಯಂತೂ ಅವನೇ ಸೆಂಟ್ರಲ್ ಮಿಶಿಗನ್ ಸಿಬ್ಬಂದಿಯ ಬಟ್ಟೆ ಹಾಕ್ಕೊಂಡು ಮಿಶಿಗನ್ ಸ್ಟೇಟ್ ವಿರುದ್ಧ ಅವರ ಸೈಡ್‌ಲೈನಲ್ಲೇ ನಿಂತಿದ್ದ. ಸುದ್ದಿ ಹೊರಬಿದ್ದ ಮೇಲೆ ಫೋನ್ ತಗೊಂಡು ಹೋಗಿ ಕೊಳಕ್ಕೆ ಎಸೆದ. ಮೂರ್ ಸುದ್ದಿ ಬಂದ ದಿನವೇ ಅವನ ಜೊತೆಗಿದ್ದ 52 ಮೆಸೇಜ್ ಅಳಿಸಿದರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ಆಮೇಲೆ ಆ ಮೆಸೇಜೆಲ್ಲ ವಾಪಸ್ ಸಿಕ್ತು, ಅವುಗಳಲ್ಲಿ ಭಾರೀ ಏನೂ ಇರಲಿಲ್ಲ. ಅಳಿಸಿದ್ದಕ್ಕೇ ಶಿಕ್ಷೆ.

ಕೊಲಂಬಸ್‌ಕಡೆಯವ

ನಿಮ್ಮ ಎದುರಾಳಿ ಓಹಾಯೋದಿಂದ ನಮಸ್ಕಾರ. ಅಳೋರಿಗೆ ಟಿಶ್ಯೂ ಕಳಿಸಲಾ?

ನಿಮಗೆ ಶಿಕ್ಷೆ ಆಯ್ತು ಅಂತ ಯಾರು ಹೇಳಿದ್ದು? 2023ರ ಕಪ್ ಹಾಗೇ ಇದೆ. 15-0 ಹಾಗೇ ಇದೆ. ದುಡ್ಡು ಕಟ್ಟಿ ಮನೆಗೆ ಹೋಗಿ ಅಂದ್ರೆ ಅದು ದಂಡ ಅಲ್ಲ, ಬಿಲ್ಲು.

ಟ್ರೋಜನ್‌2010

ಶಿಕ್ಷೆ ಅಂದ್ರೆ ಏನು ಅಂತ ನಾನು ಹೇಳ್ತೀನಿ, ಯುಎಸ್‌ಸಿಯಲ್ಲಿ (ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ) ಅದನ್ನ ಹತ್ತಿರದಿಂದ ನೋಡಿದವನು.

ಪೀಟ್ ಕ್ಯಾರಲ್ 2001ರ ಸೀಸನ್‌ನಿಂದ ನಮ್ಮ ಕೋಚ್. ಒಂಬತ್ತು ಸೀಸನ್. 2003ರಲ್ಲಿ ಎಪಿ ಪಟ್ಟ (ಪತ್ರಕರ್ತರ ಮತದಲ್ಲಿ ಮೊದಲ ಸ್ಥಾನ), 2004ರಲ್ಲಿ ಓಕ್ಲಹೋಮಾವನ್ನ 55-19ಕ್ಕೆ ಹೊಡೆದು ರಾಷ್ಟ್ರೀಯ ಪಟ್ಟ. 34 ಪಂದ್ಯ ಸತತ ಗೆಲುವು. 2006ರಲ್ಲಿ ನಮ್ಮ ಸ್ಟಾರ್ ಆಟಗಾರ ರೆಜಿ ಬುಷ್ ಕುಟುಂಬ ಸ್ಯಾನ್ ಡಿಯೇಗೋ ಕಡೆ ಯಾರದೋ ಮನೇಲಿ ಪುಕ್ಕಟೆ ಇದ್ದರು ಅನ್ನೋ ವರದಿ ಬಂತು, ತನಿಖೆ ಶುರುವಾಯ್ತು. ನಾಲ್ಕು ವರ್ಷ ಎಳೀತು. 2010ರ ಜನವರಿಯಲ್ಲಿ ಕ್ಯಾರಲ್ ಎನ್‌ಎಫ್‌ಎಲ್‌ನ ಸಿಯಾಟಲ್ ಸೀಹಾಕ್ಸ್‌ಗೆ ಹೋದರು. ಜೂನ್ 10ಕ್ಕೆ ತೀರ್ಪು: ಎರಡು ವರ್ಷ ಬೌಲ್ ಪಂದ್ಯ (ಸೀಸನ್ ಕೊನೆಯ ದೊಡ್ಡ ಪಂದ್ಯ) ಇಲ್ಲ, ಮೂರು ವರ್ಷದಲ್ಲಿ 30 ಸ್ಕಾಲರ್‌ಶಿಪ್ ಕಡಿತ, 2004ರ ಡಿಸೆಂಬರ್‌ನಿಂದ 2005ರ ಕೊನೆವರೆಗಿನ ಗೆಲುವೆಲ್ಲ ಅಳಿಸಿ. ಕ್ಯಾರಲ್ ತನಗೆ ಆಘಾತ ಆಗಿದೆ ಅಂದರು. ಆಗಿರಬಹುದು, ಸಿಯಾಟಲ್‌ನಲ್ಲಿ.

ಈಗ 2011 ಕೇಳಿ. ನಮ್ಮ ತಂಡ 10-2. ಯೂಜೀನ್‌ಗೆ ಹೋಗಿ ಒರೆಗಾನ್‌ನ 38-35ಕ್ಕೆ ಸೋಲಿಸಿ ಬಂದ್ವಿ. ಮುಂದಿನ ವಾರ ಯುಸಿಎಲ್‌ಎಯನ್ನ 50-0. ಐವತ್ತು, ಸೊನ್ನೆ. ಅದರ ಮುಂದಿನ ವಾರ ನಮ್ಮ ಲೀಗ್ ಪ್ಯಾಕ್-12ರ ಮೊಟ್ಟಮೊದಲ ಫೈನಲ್. ಆಡಿದ್ದು ಯಾರು? ಒರೆಗಾನ್ ಮತ್ತು ಯುಸಿಎಲ್‌ಎ. ನಮಗೆ ಅರ್ಹತೆ ಇಲ್ಲ, ಅದಕ್ಕೆ 6-6ರ ಯುಸಿಎಲ್‌ಎ ನಮ್ಮ ಜಾಗದಲ್ಲಿ ಹೋಗಿ ಸೋತು ಬಂತು. ಆ ಸಂಜೆ ನಾನು ಟಿವಿ ಹಾಕಲಿಲ್ಲ, ಲಾಂಡ್ರಿ ಮಾಡಿದೆ. ಕೆಳಗೆ ಲಾಂಡ್ರಿ ರೂಮಲ್ಲಿ ಇನ್ನೂ ನಾಲ್ಕು ಜನ ಕೆಂಪು-ಹಳದಿ ಸ್ವೆಟ್‌ಶರ್ಟಿನವರು ಮಷೀನ್ ತಿರುಗೋದನ್ನೇ ನೋಡ್ತಾ ನಿಂತಿದ್ರು, ಯಾರೂ ಮಾತಾಡಲಿಲ್ಲ.

2011ರಲ್ಲಿ ಆ ತಂಡದಲ್ಲಿದ್ದ ಹುಡುಗರು ರೆಜಿ ಬುಷ್ ಆಡುವಾಗ ಹೈಸ್ಕೂಲಲ್ಲೋ ಮಿಡಲ್ ಸ್ಕೂಲಲ್ಲೋ ಇದ್ದವರು. ಕ್ಯಾರಲ್ 2014ರ ಫೆಬ್ರವರಿಯಲ್ಲಿ ಡೆನ್ವರನ್ನ 43-8ಕ್ಕೆ ಬಗ್ಗುಬಡಿದು ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ಎತ್ತಿದರು.

ಧಾರವಾಡಪೇಢಾ

ಅಲ್ರೀ, ಮಾಡಿದಾಂವ ಅಲ್ಲಿ ಬಿಸಲು ಕಾಸಕೋತ ಕುಂತಾನ, ಕಟ್ಟಾಂವ ಇಲ್ಲಿ ಚಳಿಗೆ ನಡಗಕೋತ ಕುಂತಾನ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗಾತು. ಈ ಎನ್‌ಸಿಎಎಗೆ ಅಷ್ಟೂ ತಿಳಿಯಂಗಿಲ್ಲೇನು?

ಉಡುಪಿಟೈಮ್

ಎಂತ ಮಾರಾಯ್ರೆ, ಎಲ್ಲರೂ ಒಂದೇ ರಾಗ ಹಾಡ್ತಿದ್ದೀರಿ. ಸ್ವಲ್ಪ ಉಲ್ಟಾ ಹೇಳ್ತೇನೆ, ಕೇಳಿ.

ಹಾರ್ಬಾ 2022ರ ಫೆಬ್ರವರಿಯಲ್ಲೇ ಎನ್‌ಎಫ್‌ಎಲ್‌ನ ಮಿನ್ನೆಸೋಟ ವೈಕಿಂಗ್ಸ್‌ಗೆ ಇಂಟರ್‌ವ್ಯೂ ಕೊಟ್ಟವರು. ಆಗ ಸ್ಟಾಲಿಯನ್ಸ್ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೂ ಮೊದಲು ಎನ್‌ಎಫ್‌ಎಲ್‌ನ 49ಅರ್ಸ್‌ ಕೋಚ್ ಆಗಿದ್ದಾಗ ಸೂಪರ್ ಬೌಲ್‌ವರೆಗೆ ಹೋಗಿ, ಸ್ವಂತ ಅಣ್ಣನ ತಂಡಕ್ಕೆ 34-31ಕ್ಕೆ ಸೋತದ್ದು. ಆ ಮುಳ್ಳು ಒಳಗೆ ಕೂತಿರ್ತದೆ. ಕಾಲೇಜಲ್ಲಿ ಕಪ್ ಗೆದ್ದಾಯ್ತು, ಇನ್ನು ಅಲ್ಲಿ ಎಂತ ಉಂಟು? ಕೇಸ್ ಇಲ್ಲದಿದ್ದರೂ ಹೋಗ್ತಿದ್ದರು.

ಕ್ಯಾರಲ್ ಕೂಡ ಹಾಗೆಯೇ. ಜೆಟ್ಸ್‌ನಿಂದ ಒಂದು ವರ್ಷಕ್ಕೆ ತೆಗೆದರು, ಪೇಟ್ರಿಯಟ್ಸ್‌ನಿಂದ ಮೂರು ವರ್ಷಕ್ಕೆ ತೆಗೆದರು. ಎನ್‌ಎಫ್‌ಎಲ್‌ನಲ್ಲಿ ಎರಡು ಸಲ ಕೆಲಸ ಹೋದ ಮನುಷ್ಯನಿಗೆ ಮೂರನೇ ಸಲ ಕರೆ ಬಂದರೆ ಬೇಡ ಅಂತಾರಾ? ತನಿಖೆ ನಡೀತಿತ್ತು ಅಂತ ಬಂದ ಬಾಗಿಲನ್ನ ಮುಚ್ಚಬೇಕಾ?

ಟ್ರೋಜನ್‌2010

ಬಾಗಿಲು ತೆರೆದಿತ್ತು ಅನ್ನೋದನ್ನ ಒಪ್ತೀನಿ. ಹಿಂದೆ ಮನೆಗೆ ಬೆಂಕಿ ಬಿದ್ದಿತ್ತು ಅನ್ನೋದನ್ನೂ ನೀವು ಒಪ್ಪಬೇಕು.

ಉಡುಪಿಟೈಮ್

ಒಪ್ಪಿದೆ. ಆದರೆ ಬೆಂಕಿ ಹಚ್ಚಿದ್ದು ಅವರೇ ಅಂತ ಬರೆದದ್ದು ಎಲ್ಲಿ ಉಂಟು? ಸ್ಟಾಲಿಯನ್ಸ್ ಏನು ಮಾಡ್ತಿದ್ದ ಅಂತ ತನಗೆ ಗೊತ್ತಿರಲಿಲ್ಲ ಅಂತಲೇ ಹಾರ್ಬಾ ಹೇಳ್ತಾ ಬಂದದ್ದು.

ಕೊಲಂಬಸ್‌ಕಡೆಯವ

ಗೊತ್ತಿರಬೇಕಾದ್ದೇ ಹೆಡ್ ಕೋಚ್ ಕೆಲಸ ಅಂತ ನಿಯಮದಲ್ಲೇ ಇದೆ. ತಂಡದೊಳಗೆ ಏನಾದರೂ ಅದಕ್ಕೆ ಹೊಣೆ ಅವನೇ.

ಇನ್ನೊಂದು, ಮೊದಲ ಕೇಸನ್ನ ಎಲ್ಲರೂ ‘ಹ್ಯಾಂಬರ್ಗರ್ ಕೇಸ್’ ಅಂತ ನಗಾಡ್ತೀರಿ. ಕೋವಿಡ್ ಕಾಲದಲ್ಲಿ ಹೈಸ್ಕೂಲ್ ಹುಡುಗರನ್ನ ಭೇಟಿ ಆಗೋದೇ ನಿಷಿದ್ಧ ಇದ್ದಾಗ ಕೂರಿಸಿ ಬರ್ಗರ್ ಕೊಡಿಸಿದರು, ಅಷ್ಟೇ ತಾನೆ ಅಂತ. 2024ರ ಆಗಸ್ಟ್‌ನಲ್ಲಿ ನಾಲ್ಕು ವರ್ಷದ ಶೋ-ಕಾಸ್ ಬಿದ್ದದ್ದು ಬರ್ಗರಿಗಲ್ಲ. ವಿಚಾರಣೆ ಮಾಡೋರಿಗೆ ನಿಜ ಹೇಳಲಿಲ್ಲ, ಸಹಕರಿಸಲಿಲ್ಲ ಅನ್ನೋದಕ್ಕೆ. ಬರ್ಗರ್ ಒಪ್ಕೊಂಡಿದ್ರೆ ಸಣ್ಣದರಲ್ಲಿ ಮುಗೀತಿತ್ತು.

ಒಂಟಿಕೊಪ್ಪಲ್_ಹುಡುಗ

ಶೋ-ಕಾಸ್ ಅಂದ್ರೆ ನಮ್ಮ ಆಫೀಸಿನ ಶೋ-ಕಾಸ್ ನೋಟಿಸ್ ಥರಾನಾ? ಉತ್ತರ ಬರೆದುಕೊಟ್ಟು ಸಹಿ ಹಾಕಿದ್ರೆ ಮುಗೀತಾ?

ಆನ್‌ಆರ್ಬರ್‌ಚಳಿ

ಹೆಸರು ಒಂದೇ, ನೋಟಿಸ್ ಹೋಗೋದು ಬೇರೆಯವರಿಗೆ. ಹಾರ್ಬಾರನ್ನ ಯಾವುದಾದರೂ ಎನ್‌ಸಿಎಎ ಕಾಲೇಜು ಕೆಲಸಕ್ಕೆ ತಗೊಂಡ್ರೆ, ‘ಇವರನ್ನ ತಗೊಂಡಿದ್ದಕ್ಕೆ ನಿಮಗೆ ಯಾಕೆ ಶಿಕ್ಷೆ ಕೊಡಬಾರದು’ ಅಂತ ಆ ಕಾಲೇಜು ಸಮಿತಿ ಮುಂದೆ ಬಂದು ಕಾರಣ ಕೊಡಬೇಕು. ಅಷ್ಟು ತಲೆನೋವು ಯಾರಿಗೆ ಬೇಕು? ಹಾಗಾಗಿ ಸಾಮಾನ್ಯವಾಗಿ ಯಾರೂ ತಗೊಳ್ಳಲ್ಲ. ಆದರೆ ಎನ್‌ಎಫ್‌ಎಲ್ ಆ ಸಂಘದ ಸದಸ್ಯ ಅಲ್ಲ. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಯಾರಿಗೋ ಪಾರ್ಕಿಂಗ್ ರದ್ದು ಮಾಡಿದ್ರೆ ಪಕ್ಕದ ಬೀದಿಯವರಿಗೇನು? ಅವರು ಅಲ್ಲಿ ಕಾರ್ ನಿಲ್ಲಿಸ್ತಾರೆ.

ಚಿಪ್ ಕೆಲ್ಲಿ ಕಥೆ ಇದಕ್ಕೆ ಸರಿಯಾದ ಉದಾಹರಣೆ. ಒರೆಗಾನ್ ಕಾಲೇಜಲ್ಲಿ ನಾಲ್ಕು ವರ್ಷ ಹೆಡ್ ಕೋಚ್, 46-7. ಹೈಸ್ಕೂಲ್ ಆಟಗಾರರ ಮಾಹಿತಿ ಮಾರೋ ಹ್ಯೂಸ್ಟನ್‌ನ ಒಬ್ಬ ರಿಕ್ರೂಟಿಂಗ್ ದಲ್ಲಾಳಿಗೆ ಕಾಲೇಜು 25,000 ಡಾಲರ್ ಕೊಟ್ಟಿತ್ತು, ಬದಲಿಗೆ ಬಂದ ವರದಿಯಲ್ಲಿ ಹೈಸ್ಕೂಲ್ ಮುಗಿಸಿ ಆಗಲೇ ಹೋಗಿದ್ದ ಹುಡುಗರ ಹಳೇ ಮಾಹಿತಿ. 2013ರ ಜನವರಿಯಲ್ಲಿ ಕೆಲ್ಲಿ ಎನ್‌ಎಫ್‌ಎಲ್‌ನ ಫಿಲಡೆಲ್ಫಿಯಾ ಈಗಲ್ಸ್‌ಗೆ. ಜೂನ್‌ನಲ್ಲಿ ತೀರ್ಪು, ಕೆಲ್ಲಿಗೆ 18 ತಿಂಗಳ ಶೋ-ಕಾಸ್. ಅದು ಮುಗಿದದ್ದು 2014ರ ಡಿಸೆಂಬರ್‌ನಲ್ಲಿ, ಅವರು ಈಗಲ್ಸ್‌ನ ಎರಡನೇ ಸೀಸನ್ ಆಡಿಸ್ತಿದ್ದಾಗ. ಜೈಲಿನಲ್ಲಿ ಇರಬೇಕಾದ ಅವಧಿಯನ್ನ ಮಾವನ ಮನೇಲಿ ಕಳೆದ ಹಾಗೆ. 2017ರ ಕೊನೆಗೆ ಕಾಲೇಜಿಗೇ ವಾಪಸ್, ಯುಸಿಎಲ್‌ಎ ಹೆಡ್ ಕೋಚ್ ಆಗಿ.

ಟ್ರೋಜನ್‌2010

2011ರ ಆ ಫೈನಲ್‌ನಲ್ಲಿ ಒರೆಗಾನ್ ಕೋಚ್ ಆಗಿದ್ದವರು ಇದೇ ಕೆಲ್ಲಿ ಅನ್ನೋದನ್ನ ಸೇರಿಸಿ ಬಿಡಿ. ನಾವು ಶಿಕ್ಷೆ ಅನುಭವಿಸ್ತಾ ಹೊರಗೆ ನಿಂತಿದ್ವಿ, ಮುಂದೆ ಶಿಕ್ಷೆ ಆಗೋರು ಒಳಗೆ ಕಪ್ ಹಿಡಿದಿದ್ರು. 2025ರಲ್ಲಿ ಕ್ಯಾರಲ್ ಲಾಸ್ ವೇಗಾಸ್ ರೈಡರ್ಸ್‌ಗೆ ಹೆಡ್ ಕೋಚ್ ಆಗಿ ಬಂದರು, ಕೆಲ್ಲಿಯನ್ನೇ ಆಫೆನ್ಸಿವ್ ಕೋಆರ್ಡಿನೇಟರ್ (ಆಕ್ರಮಣದ ಕೋಚ್) ಮಾಡ್ಕೊಂಡರು. ಆಗ ಇಬ್ಬರೂ ಒಂದೇ ಛತ್ರಿ ಕೆಳಗೆ. ವರ್ಷಕ್ಕೆ ಎರಡು ಸಲ ಹಾರ್ಬಾರ ಚಾರ್ಜರ್ಸ್ ಜೊತೆ ಪಂದ್ಯ. ಅವತ್ತು ಎರಡೂ ಸೈಡ್‌ಲೈನ್ ಒಟ್ಟಿಗೆ ತೋರಿಸಿದ್ದಿದ್ರೆ ಫ್ರೇಮ್ ಹಾಕಿಸಿ ಗೋಡೆಗೆ ತಗುಲಿಸ್ತಿದ್ದೆ.

ಕೊಲಂಬಸ್‌ಕಡೆಯವ

ಎನ್‌ಎಫ್‌ಎಲ್‌ಗೆ ಏನೂ ಮಾಡೋಕಾಗಲ್ಲ ಅನ್ನೋದು ಸುಳ್ಳು. ಮಾಡಿದೆ, ಆದರೆ ಯಾರ ಮೇಲೆ ನೋಡಿ.

2010ರಲ್ಲಿ ನಮ್ಮ ಓಹಾಯೋ ಸ್ಟೇಟ್ ಹುಡುಗರು ತಮ್ಮದೇ ಟ್ರೋಫಿ, ಜೆರ್ಸಿ ಕೊಟ್ಟು ಟ್ಯಾಟೂ ಹಾಕಿಸ್ಕೊಂಡ ಗಲಾಟೆ. ಕೋಚ್ ಜಿಮ್ ಟ್ರೆಸೆಲ್‌ಗೆ ಈಮೇಲ್ ಬಂದಿತ್ತು, ಮುಚ್ಚಿಟ್ಟರು, 2011ರ ಮೇ 30ಕ್ಕೆ ರಾಜೀನಾಮೆ. ಕ್ವಾರ್ಟರ್‌ಬ್ಯಾಕ್ ಟೆರೆಲ್ ಪ್ರಯರ್ ಎನ್‌ಎಫ್‌ಎಲ್‌ಗೆ ಬರ್ತೀನಿ ಅಂದಾಗ, ಕಾಲೇಜಲ್ಲಿ ಅವನಿಗೆ ಬಾಕಿ ಇದ್ದ ಐದು ಪಂದ್ಯದ ಸಸ್ಪೆನ್ಷನ್ನನ್ನ ಎನ್‌ಎಫ್‌ಎಲ್ ಹಾಗೇ ಎತ್ತಿಕೊಂಡು ತಂದು ಹಾಕಿತು. ಟ್ರೆಸೆಲ್‌ರನ್ನ ಇಂಡಿಯಾನಾಪೊಲಿಸ್ ಕೋಲ್ಟ್ಸ್ ರಿಪ್ಲೇ ಸಲಹೆಗಾರ ಅಂತ ತಗೊಂಡಾಗಲೂ ಏಳನೇ ಪಂದ್ಯದವರೆಗೆ ಕೆಲಸಕ್ಕೆ ಇಳಿಸಲಿಲ್ಲ.

ಟ್ಯಾಟೂ ಹಾಕಿಸ್ಕೊಂಡ 22ರ ಹುಡುಗನಿಗೆ ಐದು ಪಂದ್ಯ. ತನಿಖೆಗೆ ಸುಳ್ಳು ಹೇಳಿದ ಹೆಡ್ ಕೋಚ್ ಹಾರ್ಬಾಗೆ ಸೊನ್ನೆ ಪಂದ್ಯ. ಆಗಿನ ಕಮಿಷನರ್ ಕೂಡ ಇದೇ ಗುಡೆಲ್. ಅಧಿಕಾರ ಇಲ್ಲದ್ದಲ್ಲ.

ಅಂದಹಾಗೆ ನಮಗೂ ಬರೆ ಬಿತ್ತು. 2012ರಲ್ಲಿ ಹೊಸ ಕೋಚ್ ಕೆಳಗೆ 12-0, ಒಂದೂ ಸೋಲಿಲ್ಲ, ಬೌಲ್ ಇಲ್ಲ. ಟ್ರೆಸೆಲ್ ಈಗ ಓಹಾಯೋ ರಾಜ್ಯದ ಲೆಫ್ಟಿನೆಂಟ್ ಗವರ್ನರ್. ಹೌದು, ನಿಜವಾಗ್ಲೂ.

ಧಾರವಾಡಪೇಢಾ

ಇದ ಖರೇ ಪಾಯಿಂಟ್ ನೋಡ್ರಿ. ಕಾಯ್ದೆ ಇಲ್ಲಂತಲ್ಲ, ಮನಸ್ಸಿಲ್ಲ.

ರೆಡ್‌ಪೆನ್

ತುಂಬಾ ದಿನದಿಂದ ಸುಮ್ಮನೆ ಓದ್ತಿದ್ದೆ, ಇವತ್ತು ಬರೀತೀನಿ.

ಒಂದು ದೊಡ್ಡ ಫುಟ್‌ಬಾಲ್ ಕಾಲೇಜಲ್ಲಿ (ಯಾವುದು ಅಂತ ಬೇಡ) ಅಂಕಿಅಂಶ ವಿಷಯಕ್ಕೆ ನಾನು ಟೀಚಿಂಗ್ ಅಸಿಸ್ಟೆಂಟ್ ಆಗಿದ್ದೆ. ನನ್ನ ಸೆಕ್ಷನ್‌ನಲ್ಲಿ ತಂಡದ ಒಬ್ಬ ಹುಡುಗ ಇದ್ದ. ಬೆಳಿಗ್ಗೆ ಪ್ರಾಕ್ಟೀಸ್ ಮುಗಿಸಿ, ಮೊಣಕಾಲಿಗೆ ಐಸ್ ಪ್ಯಾಕ್ ಸುತ್ತಿಕೊಂಡೇ ಬರ್ತಿದ್ದ, ಗಂಟೆ ಮುಗಿಯೋ ಹೊತ್ತಿಗೆ ಅವನ ಕುರ್ಚಿ ಕೆಳಗೆ ಸಣ್ಣ ನೀರಿನ ಮಡು. ಒಂದು ದಿನ ಆಫೀಸ್ ಅವರ್‌ಗೆ ಬಂದಿದ್ದ, ಸ್ಟ್ಯಾಂಡರ್ಡ್ ಡೀವಿಯೇಷನ್ ಕೇಳೋಕೆ. ಫೋನ್ ಗುಂಯ್ ಅಂತು. ಮತ್ತೆ ಗುಂಯ್ ಅಂತು. ನೋಡಿದ, ಮೇಜಿನ ಮೇಲೆ ಬೋರಲು ಹಾಕಿದ. ‘ನನ್ನ ಕೋಚ್ ಹೋದರಂತೆ’ ಅಂದ. ಯಾರು ಹೇಳಿದ್ದು ಅಂದೆ. ‘ಟ್ವಿಟರ್’ ಅಂದ. ಆಮೇಲೆ ‘ಸರಿ, ವೇರಿಯನ್ಸ್ ತನಕ ಅರ್ಥ ಆಯ್ತು, ಅದಕ್ಕೆ ಯಾಕೆ ವರ್ಗಮೂಲ ತಗೋಬೇಕು?’ ಅಂತ ಕೇಳಿದ. ನಾನು ಹೇಳಿಕೊಟ್ಟೆ. ಇನ್ನೇನು ಮಾಡಬೇಕು ತೋಚಲಿಲ್ಲ.

ಆ ಕೋಚ್ ಅವನ ಮನೆಗೆ ಹೋಗಿ, ಅವನ ಅಮ್ಮನ ಕೈ ಅಡುಗೆ ಉಂಡು, ಮಗನ ಥರ ನೋಡ್ಕೋತೀನಿ ಅಂತ ಮಾತು ಕೊಟ್ಟು ಕರ್ಕೊಂಡು ಬಂದವರು. ಅಮ್ಮನ ವಿಷಯ ಅವನೇ ಮುಂದೊಂದು ದಿನ ಹೇಳಿದ. ಬೈದುಕೊಳ್ಳಲಿಲ್ಲ, ಸುಮ್ಮನೆ ಹೇಳಿದ.

2021ರವರೆಗೆ ಅಂಥ ಹುಡುಗ ಬೇರೆ ಕಾಲೇಜಿಗೆ ಹೋಗಬೇಕಂದ್ರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚ್‌ಗೆ ಒಂದು ದಿನವೂ ಇಲ್ಲ. ಆಮೇಲೆ ನಿಯಮ ಬದಲಾಯ್ತು ಅನ್ನಿ, ಈಗ ಅವರೂ ಹೋಗಬಹುದು. ‘ಹುಡುಗರಿಗೆ ನಿಷ್ಠೆಯೇ ಇಲ್ಲ’ ಅಂತ ಬೊಬ್ಬೆ ಹೊಡೆಯೋರನ್ನ ಕಂಡಾಗ ನನಗೆ ಆ ಐಸ್ ನೀರೇ ನೆನಪಾಗುತ್ತೆ.

ಉಡುಪಿಟೈಮ್

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೂ ಒಂದು ನ್ಯಾಯದ ಮಾತು: ಎನ್‌ಸಿಎಎ ಈ ಸಲ ಕಲಿತ ಹಾಗೆ ಕಾಣ್ತದೆ. ಮಿಶಿಗನ್‌ಗೆ ಪೋಸ್ಟ್‌ಸೀಸನ್ ನಿಷೇಧ ಹಾಕುವಷ್ಟು ದೊಡ್ಡ ತಪ್ಪೇ, ಆದರೆ ಇದರಲ್ಲಿ ಇಲ್ಲದ ಈಗಿನ ಆಟಗಾರರಿಗೆ ಅನ್ಯಾಯ ಆಗ್ತದೆ, ಅದಕ್ಕೆ ದುಡ್ಡಲ್ಲಿ ತಗೊಳ್ತೇವೆ ಅಂತ ತೀರ್ಪಲ್ಲೇ ಹೇಳಿದ್ದಾರೆ. ಟ್ರೋಜನ್, ನಿಮ್ಮ 2011ರಿಂದ ಬಂದ ಬುದ್ಧಿ ಅದು.

ಟ್ರೋಜನ್‌2010

ಹೌದು, ನಮ್ಮ ಮೇಲೆ ಪ್ರಯೋಗ ಮಾಡಿ ಕಲಿತರು. ರೆಜಿ ಬುಷ್‌ಗೆ ಆ ಕೇಸಲ್ಲಿ ಕಳಕೊಂಡಿದ್ದ ಹೈಸ್ಮನ್ (ಕಾಲೇಜು ಫುಟ್‌ಬಾಲ್‌ನ ದೊಡ್ಡ ಪ್ರಶಸ್ತಿ) ವಾಪಸ್ ಬಂದದ್ದು 2024ರ ಏಪ್ರಿಲ್‌ನಲ್ಲಿ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಮಾರಿ ದುಡ್ಡು ಮಾಡಬಹುದು, 2025ರ ಜುಲೈನಿಂದ ಕಾಲೇಜೇ ನೇರವಾಗಿ ಹಂಚಬಹುದು, ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಆಗ ಅಪರಾಧ ಆಗಿದ್ದಕ್ಕೆ ಈಗ ಇನ್ವಾಯ್ಸ್ ಕೊಡ್ತಾರೆ.

ಕೊಲಂಬಸ್‌ಕಡೆಯವ

ಅದನ್ನೂ ಇದನ್ನೂ ಕಲಸಬೇಡಿ. ಬಡ ಹುಡುಗ ದುಡ್ಡು ತಗೊಂಡಿದ್ದು ಬೇರೆ, ಎದುರಾಳಿ ಸನ್ನೆ ಕದ್ದು ಪಂದ್ಯ ಗೆದ್ದಿದ್ದು ಬೇರೆ. ಎರಡನೆಯದು ನಾಳೆಯೂ ಮೋಸವೇ.

ಆನ್‌ಆರ್ಬರ್‌ಚಳಿ

ನಾಳೆ ಕದಿಯೋಕೆ ಸನ್ನೆಯೇ ಇರಲ್ಲ ಗುರು. 2024ರಿಂದ ಕಾಲೇಜಲ್ಲೂ ಹೆಲ್ಮೆಟ್ ಒಳಗೆ ರೇಡಿಯೋ. ಎನ್‌ಎಫ್‌ಎಲ್‌ನಲ್ಲಿ 1994ರಿಂದ ಇದೆ. ಮೂವತ್ತು ವರ್ಷ ಸುಮ್ಮನಿದ್ದು, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು.

ಆದರೆ ನೀವು ಹೇಳಿದ್ದು ನಿಜ, ಮೋಸ ಮೋಸವೇ. ರೆಡ್‌ಪೆನ್ ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಕೇಳಿದ ಪ್ರಶ್ನೆಯೇ ತಪ್ಪು ಅನಿಸ್ತು. ಹಾರ್ಬಾ ಓಡಿದರೋ ನಡೆದರೋ, ಅದು ಅವರಿಗೆ ಬಿಟ್ಟಿದ್ದು. ಐದು ವರ್ಷದ ಒಪ್ಪಂದ ಕೈಗೆ ಬಂದ್ರೆ ನಾನೂ ಹೋಗ್ತಿದ್ದೆ. ನನ್ನನ್ನ ಕುಟುಕ್ತಿರೋದು ಮೂರ್ ವಿಷಯ. ಅವತ್ತು ಕ್ಯಾಮೆರಾ ಮುಂದೆ ಅತ್ತ ಮನುಷ್ಯ 2025ರ ಸೀಸನ್‌ನ ಮೂರನೇ, ನಾಲ್ಕನೇ ಪಂದ್ಯ ಹೊರಗೆ ಕೂತರು, ಶಿಕ್ಷೆಯಲ್ಲಿ 2026ರ ಮೊದಲ ಪಂದ್ಯವೂ ಸೇರಿತ್ತು. ಮೂರನೇ ಪಂದ್ಯ ಯಾರ ಮೇಲೆ ಗೊತ್ತಾ? ಸೆಂಟ್ರಲ್ ಮಿಶಿಗನ್.

ಧಾರವಾಡಪೇಢಾ

ಅಯ್ಯ ಶಿವನ! ಆ ಬಟ್ಟಿ ಹಾಕ್ಕೊಂಡು ನಿಂತಾಂವನ ಟೀಮ್?

ಆನ್‌ಆರ್ಬರ್‌ಚಳಿ

ಅದೇ. ಆ ಸಲವೂ ಬೇಸ್‌ಮೆಂಟಲ್ಲೇ ಸೇರಿದ್ವಿ. ಟೀ-ಶರ್ಟ್ ಮಾತ್ರ ನಾನು ಬೇರೆ ಹಾಕಿದ್ದೆ, ಹಳೇದು ಒಗೆದು ಒಗೆದು ‘ಎವ್ರಿಬಡಿ’ ಅಳಿಸಿಹೋಗಿತ್ತು.

ಒಂಟಿಕೊಪ್ಪಲ್_ಹುಡುಗ

ಅಣ್ಣಾ, ಮಧ್ಯಾಹ್ನ 12ರ ಪಂದ್ಯ ಇಲ್ಲಿ ಎಷ್ಟು ಗಂಟೆಗೆ? ಓಹಾಯೋ ಪಂದ್ಯ ಒಂದಾದರೂ ಈ ಸಲ ಲೈವ್ ನೋಡಬೇಕು ಅಂತಿದೀನಿ.

ಕೊಲಂಬಸ್‌ಕಡೆಯವ

ಸೆಪ್ಟೆಂಬರಲ್ಲಿ ರಾತ್ರಿ ಒಂಬತ್ತೂವರೆ. ಓಹಾಯೋ ಪಂದ್ಯ ನವೆಂಬರ್ ಕೊನೆಗೆ, ಅಷ್ಟೊತ್ತಿಗೆ ಇಲ್ಲಿ ಗಡಿಯಾರ ಹಿಂದೆ ತಿರುಗಿಸಿರ್ತೀವಿ, ಹತ್ತೂವರೆ ಆಗುತ್ತೆ. ಊಟ ಮುಗಿಸಿ ಕೂತ್ಕೋ. ಆನ್‌ಆರ್ಬರ್‌ಚಳಿ ಕಳಿಸೋ ಲಿಂಕ್ ನಂಬಬೇಡ, ನಾನು ಕಳಿಸ್ತೀನಿ.